ಹಳೇ ಯೆಜ್ಡಿ ಎಂಜಿನ್ನಿನ ಕಟಕಟ: ಬಿಚ್ಚಿಸೋ ಮುಂಚೆ ಏನೇನು ನೋಡಬೇಕು?

ಕೇಳಿದವರು, ತಿಪಟೂರು:
ಅಪ್ಪ ಓಡಿಸ್ತಿದ್ದ 1982ರ ಯೆಜ್ಡಿ ಬೈಕು. 6 ವೋಲ್ಟ್, ಪಾಯಿಂಟ್ (ಕರೆಂಟ್ ಕಡಿದು ಪ್ಲಗ್ಗಿನಲ್ಲಿ ಕಿಡಿ ಹಾರಿಸೋ ಸ್ವಿಚ್ಚು) ಇರೋದು. ವರ್ಷಗಟ್ಟಲೆ ಕೊಟ್ಟಿಗೇಲಿ ನಿಂತಿತ್ತು, ಕಾರ್ಬುರೇಟರ್ ಕ್ಲೀನ್ ಮಾಡಿಸಿ ಈಗ ಓಡಿಸ್ತಿದೀನಿ. ಸ್ಟಾರ್ಟ್ ಮಾಡಿದ ತಕ್ಷಣ ಕಟಕಟ ಅನ್ನುತ್ತೆ, ಬಿಸಿಯಾದ ಮೇಲೆ ಸ್ವಲ್ಪ ಕಮ್ಮಿ. ದಿಬ್ಬ ಹತ್ತುವಾಗ ಅದರ ಜೊತೆ ಬೇರೆ ಥರದ ಸಣ್ಣ ಕಿಣಿಕಿಣಿ. ಇಲ್ಲಿನ ಮೆಕ್ಯಾನಿಕ್ ಒಂದು ಸಲ ರೇಸ್ ಕೊಟ್ಟು ಕೇಳಿ, "ಕ್ರ್ಯಾಂಕ್ ಹೋಗಿದೆ, ಫುಲ್ ಎಂಜಿನ್ ಬಿಚ್ಚಬೇಕು" ಅಂದ್ರು. ಕ್ರ್ಯಾಂಕ್ ಅಂದ್ರೆ ಪಿಸ್ಟನ್ ಮೇಲೆ ಕೆಳಗೆ ಆಡೋದನ್ನ ಸುತ್ತಾಗಿ ಮಾಡೋ ಕೆಳಗಿನ ದಂಡವಂತೆ. ಅಷ್ಟು ದುಡ್ಡು ಸುರಿಯೋ ಮುಂಚೆ ನಾನೇ ನೋಡಬಹುದಾದ್ದು ಏನಾದ್ರೂ ಇದ್ಯಾ? ಅನುಭವ ಇದ್ದೋರು ದಯವಿಟ್ಟು ಹೇಳಿ.

ಮೈಸೂರಿನಿಂದ:
ಬರೀ ರೇಸ್ ಕೊಟ್ಟು ಕೇಳಿ ಕ್ರ್ಯಾಂಕ್ ಹೋಗಿದೆ ಅನ್ನೋಕೆ ಆಗಲ್ಲ ಸರ್. ಇದು ಟೂ ಸ್ಟ್ರೋಕ್, ವಾಲ್ವ್ ಇಲ್ಲ, ಟ್ಯಾಪೆಟ್ ಇಲ್ಲ, ಕ್ಯಾಮ್ ಚೈನ್ ಇಲ್ಲ. ಸದ್ದು ಮಾಡೋ ಜಾಗಗಳೇ ಕಮ್ಮಿ. ಎಲ್ಲಿಂದ ಬರ್ತಿದೆ ಅನ್ನೋದಕ್ಕಿಂತ ಯಾವಾಗ ಬರ್ತಿದೆ ಅನ್ನೋದನ್ನ ಮೊದಲು ಬರೆದಿಟ್ಟುಕೊಳ್ಳಿ: ತಣ್ಣಗಿದ್ದಾಗಲಾ, ಬಿಸಿ ಇದ್ದಾಗಲಾ, ಲೋಡ್ ಮೇಲಾ, ಕ್ಲಚ್ ಹಿಡಿದ್ರೆ ಬದಲಾಗುತ್ತಾ. ನೀವು ಬರೆದದ್ದರಲ್ಲೇ ಎರಡು ಬೇರೆ ಸದ್ದು ಇವೆ. ಎರಡನ್ನೂ ಒಂದೇ ರೋಗ ಅಂದುಕೊಂಡರೆ ದಾರಿ ತಪ್ಪುತ್ತೆ.

ತಣ್ಣಗಿದ್ದಾಗ ಜಾಸ್ತಿ, ಬಿಸಿಯಾದ ಮೇಲೆ ಕಮ್ಮಿ ಅಂದ್ರೆ ನನ್ನ ಮೊದಲ ಅನುಮಾನ ಪಿಸ್ಟನ್ ಮೇಲೆ. ಸಿಲಿಂಡರ್ ಬೀಡು ಕಬ್ಬಿಣ, ಪಿಸ್ಟನ್ ಅಲ್ಯೂಮಿನಿಯಂ. ಒಂದೇ ಬಿಸಿಗೆ ಅಲ್ಯೂಮಿನಿಯಂ ಹೆಚ್ಚುಕಮ್ಮಿ ಎರಡರಷ್ಟು ಹಿಗ್ಗುತ್ತೆ. ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿದ್ರೆ ತಣ್ಣಗಿರುವಾಗ ಪಿಸ್ಟನ್ ಗೋಡೆಗೆ ಬಡಿಯುತ್ತೆ, ಹಿಗ್ಗಿದ ಮೇಲೆ ಸಂದು ಮುಚ್ಚಿ ಸದ್ದು ಇಳಿಯುತ್ತೆ. ಇದಕ್ಕೆ ಕ್ರ್ಯಾಂಕ್ ಬಿಚ್ಚಬೇಕಾಗಿಲ್ಲ. ಎಂಜಿನ್ ಫ್ರೇಮಿನಲ್ಲಿದ್ದ ಹಾಗೇ ಹೆಡ್ಡು, ಸಿಲಿಂಡರ್ ತೆಗೆದು ಬೋರಿಂಗ್ ಅಂಗಡಿಗೆ ಕೊಟ್ಟು ಅಳತೆ ತೆಗೆಸಿ.

ಅದಕ್ಕೂ ಮುಂಚೆ ದುಡ್ಡೇ ಬೇಡದ್ದು ಒಂದಿದೆ. ಸೈಲೆನ್ಸರ್ ಬೆಂಡ್ ಪೈಪುಗಳು ಸಿಲಿಂಡರಿಗೆ ಸೇರೋ ಕಡೆ ದೊಡ್ಡ ರಿಂಗ್ ನಟ್ ಇದಾವಲ್ಲ, ಅವು ಓಡ್ತಾ ಓಡ್ತಾ ಸಡಿಲ ಆಗ್ತವೆ. ಅಲ್ಲಿಂದ ಗ್ಯಾಸ್ ಚಟ್ ಚಟ್ ಅಂತ ಹೊರಬಿದ್ರೆ ಒಳಗೇ ಏನೋ ಬಡೀತಿದೆ ಅನ್ನಿಸಿಬಿಡುತ್ತೆ. ನಟ್ ಸುತ್ತ, ಕೆಳಗಿನ ಫಿನ್ನುಗಳ ಮೇಲೆ ಕಪ್ಪು ಎಣ್ಣೆ ಇಳಿದಿದ್ಯಾ ನೋಡಿ. ಇದ್ರೆ ವಾಷರ್ ಬದಲಾಯಿಸಿ ಹುಕ್ ಸ್ಪ್ಯಾನರಿನಲ್ಲಿ ಬಿಗಿ ಮಾಡಿ, ಆಮೇಲೆ ಮತ್ತೆ ಕೇಳಿ. ಉಳಿ ಇಟ್ಟು ಸುತ್ತಿಗೇಲಿ ಹೊಡೆಯೋದು ಮಾತ್ರ ಬೇಡ, ಸಿಲಿಂಡರಿನ ಮರೆ (ಥ್ರೆಡ್) ಹಾಳಾದ್ರೆ ಅದೇ ದೊಡ್ಡ ಕೆಲಸ.

ಹುಬ್ಬಳ್ಳಿಯಿಂದ:
ಎಡಗಡೆ ಕವರ್ ಒಳಗಿನ ಪ್ರೈಮರಿ ಚೈನ್, ಅಂದ್ರ ಕ್ರ್ಯಾಂಕಿಂದ ಕ್ಲಚ್ಚಿಗೆ ಹೋಗೂ ಚೈನ್ ನೋಡ್ರೀ. ಇದಕ್ಕ ಟೈಟ್ ಮಾಡೂ ವ್ಯವಸ್ಥಾನ ಇಲ್ಲ. ಎಂಜಿನ್ನೂ ಗೇರ್ ಬಾಕ್ಸೂ ಒಂದ ಕೇಸಿನ್ಯಾಗ ಕುಂತಾವು, ಚೈನ್ ಸವದ್ರ ಬದಲ ಮಾಡೂದು ಒಂದ ದಾರಿ. ಐಡಲ್‌ನ್ಯಾಗ ಗಲಗಲ ಅಂತದ, ಸ್ವಲ್ಪ ರೇಸ್ ಮಾಡಿದ್ರ ಸುಮ್ನಾಗತದ. ಆಯಿಲ್ ತಗದು ಕವರ್ ಬಿಚ್ಚಿದ್ರ ಒಳಗಿನ ಗ್ವಾಡಿ ಮ್ಯಾಲೆ ಚೈನ್ ತಿಕ್ಕಿದ ಗೆರಿ ಫಳಫಳ ಹೊಳೀತಿರತದ. ಇನ್ನ ನ್ಯೂಟ್ರಲ್‌ನ್ಯಾಗ ಕ್ಲಚ್ ಹಿಡದಾಗ ಸಪ್ಪಳ ನಿಂತ್ರ ಅದು ಗೇರ್ ಬಾಕ್ಸಿಂದು ಇಲ್ಲಾ ಕ್ಲಚ್ಚಿಂದು, ಕ್ರ್ಯಾಂಕಿಂದಲ್ಲ.

ಶಿವಮೊಗ್ಗದಿಂದ:
ಮೇಲಿನವರು ಹೇಳಿದ್ದೆಲ್ಲ ಸರಿ. ಆದ್ರೆ ಒಂದು ಎಚ್ಚರಿಕೆ ಹೇಳಲೇಬೇಕು. ಸದ್ದು ಸಣ್ಣ ಕಟಕಟ ಅಲ್ಲದೆ ಎಂಜಿನ್ನಿನ ಕೆಳಗಿಂದ ದಪ್ಪಗೆ ಧಡ್ ಧಡ್ ಅಂತಿದ್ರೆ, ಬಿಸಿಯಾದಂತೆ ಹೆಚ್ಚಾಗ್ತಾ ಹೋದ್ರೆ, ಆ ಗಾಡಿಯನ್ನ ಮನೆವರೆಗೂ ಓಡಿಸಬೇಡಿ. ಬಿಗ್ ಎಂಡ್ ಬೇರಿಂಗ್ (ಪಿಸ್ಟನ್ನನ್ನ ಕ್ರ್ಯಾಂಕಿಗೆ ಸೇರಿಸೋ ಕಾನ್‌ರಾಡಿನ ಕೆಳತುದಿ ಬೇರಿಂಗ್) ಒಡೆದು ಕಾನ್‌ರಾಡ್ ಕೇಸನ್ನೇ ಸೀಳಬಹುದು. ಮಲೆನಾಡಿನ ಮಳೇಲಿ ವರ್ಷಗಟ್ಟಲೆ ನಿಂತ ಗಾಡಿಗಳ ಬೇರಿಂಗಿಗೆ ತುಕ್ಕು ಹಿಡಿದಿರೋದನ್ನ ನಾನು ತುಂಬ ನೋಡಿದೀನಿ. ನಿಮ್ಮದೂ ನಿಂತಿದ್ದ ಗಾಡಿ.

ಪರೀಕ್ಷೆ ಹೀಗೆ ಮಾಡಿ. ಪ್ಲಗ್ ತೆಗೆದು ತೂತಿನಿಂದ ಒಣ ಬಿದಿರಿನ ಕಡ್ಡಿ ಇಳಿಸಿ, ಪಿಸ್ಟನ್ ತಲೆ ಮೇಲೆ ನಿಲ್ಲಿಸಿ. ಸ್ಕ್ರೂಡ್ರೈವರ್ ಬೇಡ, ಗೀರು ಬೀಳುತ್ತೆ. ಪಿಸ್ಟನ್ ಅರ್ಧ ದಾರೀಲಿ ಇರುವಾಗ ಬಲಗಡೆ ಡೈನಮೋ ಹಿಡಿದು ಕ್ರ್ಯಾಂಕನ್ನ ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ತಿರುಗಿಸಿ. ಕೈ ತಿರುಗಿದ ಕೂಡಲೇ ಕಡ್ಡಿ ಅಲುಗಬೇಕು. ಕೈ ಒಂಚೂರು ಖಾಲಿ ತಿರುಗಿ, ಟಕ್ ಅಂದ ಮೇಲೆ ಕಡ್ಡಿ ಅಲುಗಿದ್ರೆ ಗಜನ್ ಪಿನ್ನಿನಲ್ಲೋ (ಕಾನ್‌ರಾಡನ್ನ ಪಿಸ್ಟನ್ನಿಗೆ ಸೇರಿಸೋ ಪಿನ್ನು) ಬಿಗ್ ಎಂಡಿನಲ್ಲೋ ಆಟ ಇದೆ. ಯಾವುದು ಅನ್ನೋದು ಸಿಲಿಂಡರ್ ಎತ್ತಿದ ಮೇಲೆ ಗೊತ್ತಾಗುತ್ತೆ: ಕಾನ್‌ರಾಡ್ ಪಕ್ಕಕ್ಕೆ ಸ್ವಲ್ಪ ಸರಿಯೋದು ಇರಲೇಬೇಕು, ನೇರ ಮೇಲೆ ಕೆಳಗೆ ಮಾತ್ರ ಕೂದಲಷ್ಟೂ ಆಡಬಾರದು.

ಬೆಂಗಳೂರಿನಿಂದ:
ದಿಬ್ಬದಲ್ಲಿ ಗೆಜ್ಜೆ ಅಲ್ಲಾಡಿಸಿದ ಹಾಗೆ ಕಿಣಿಕಿಣಿ ಅಂದ್ರೆ ಅದು ಡಿಟೋನೇಷನ್ (ಪೆಟ್ರೋಲು ಹದವಾಗಿ ಉರಿಯದೆ ಸಿಡಿಯೋದು), ಯಾವ ಭಾಗವೂ ಸಡಿಲ ಆಗಿರಬೇಕಿಲ್ಲ. ಟೈಮಿಂಗ್ ಅಡ್ವಾನ್ಸ್ (ಕಿಡಿ ಬೇಗ ಹಾರೋದು) ಆಗಿರಬಹುದು, ಹೆಡ್ಡಿನಲ್ಲಿ ಕಾರ್ಬನ್ ಕಟ್ಟಿರಬಹುದು, ಇಲ್ಲಾ ಮಿಕ್ಸ್ಚರ್ ಲೀನ್ (ಗಾಳಿ ಜಾಸ್ತಿ, ಪೆಟ್ರೋಲು ಕಮ್ಮಿ) ಆಗಿರಬಹುದು. ಈಗಿನ ಇ20 (20% ಎಥೆನಾಲ್ ಬೆರೆಸಿದ) ಪೆಟ್ರೋಲಿನಲ್ಲಿ ಕಾರ್ಬುರೇಟರಿನ ಹಳೇ ಜೆಟ್ಟು ಇನ್ನಷ್ಟು ಲೀನ್ ಓಡುತ್ತೆ. ಆಕ್ಸಿಲರೇಟರ್ ಬಿಟ್ರೂ ಐಡಲ್ ಬೇಗ ಇಳೀತಿಲ್ಲ ಅಂದ್ರೆ ಕ್ರ್ಯಾಂಕ್ ಆಯಿಲ್ ಸೀಲು ಗಾಳಿ ಎಳೀತಿರಬಹುದು. ಕ್ಲಚ್ ಕಡೆ ಸೀಲು ಹೋಗಿದ್ರೆ ಗೇರ್ ಆಯಿಲ್ಲೇ ಎಳೆದುಕೊಂಡು ಹೊಗೆ ದಟ್ಟ ಬರುತ್ತೆ, ಆಯಿಲ್ ಲೆವೆಲ್ ಇಳಿಯುತ್ತೆ. ಮಿಕ್ಸ್ಚರ್ ಲೀನ್ ಇರೋದನ್ನ ಹಾಗೇ ಬಿಟ್ಟು ಓಡಿಸಿದ್ರೆ ಪಿಸ್ಟನ್ ಜಾಮ್ ಆಗುತ್ತೆ. ಪೆಟ್ರೋಲಿಗೆ ಟೂಟಿ (ಟೂ ಸ್ಟ್ರೋಕ್) ಆಯಿಲ್ ಲೀಟರಿಗೆ 40 ಮಿ.ಲೀ. ಹಾಕಿ, ಅಂದ್ರೆ 25ಕ್ಕೆ 1.

ಕೇಳಿದವರು, ತಿಪಟೂರು:
ಎಲ್ಲರಿಗೂ ತುಂಬ ಧನ್ಯವಾದ. ಒಂದು ಕಡೆ ರಿಂಗ್ ನಟ್ ಕೈಯಲ್ಲೇ ತಿರುಗೋ ಅಷ್ಟು ಸಡಿಲ ಇತ್ತು. ಬಿಗಿ ಮಾಡಿದ ಮೇಲೆ ಕಟಕಟ ಅರ್ಧಕ್ಕರ್ಧ ಹೋಯ್ತು. ಬಿದಿರು ಕಡ್ಡಿ ಪರೀಕ್ಷೇಲಿ ಖಾಲಿ ಆಟ ಕಾಣಲಿಲ್ಲ. ಕಿಣಿಕಿಣಿ ಮಾತ್ರ ಹಾಗೇ ಇದೆ. ಪಾಯಿಂಟ್ ಗ್ಯಾಪ್ 0.4 ಮಿ.ಮೀ.ಗೆ ಇಟ್ಟು ಒಂದು ಸುತ್ತು ಹೋಗಿ ಬಂದ್ರೆ ಅಳತೆ ಬೇರೆ ತೋರಿಸ್ತಿದೆ.

ಮೈಸೂರಿನಿಂದ:
ಗ್ಯಾಪ್ ನಿಲ್ತಿಲ್ಲ ಅಂದ್ರಲ್ಲ, ಮುಖ್ಯವಾದ ಸುಳಿವು ಅದೇ. ಮೊದಲು ಪಾಯಿಂಟ್ ಸ್ಕ್ರೂ ಸರಿಯಾಗಿ ಬಿಗಿ ಇದ್ಯಾ ನೋಡಿ. ಅದು ಸರಿ ಇದ್ರೆ, ಪಾಯಿಂಟ್ ಎತ್ತೋ ಕ್ಯಾಮ್ ಕೂತಿರೋದು ಕ್ರ್ಯಾಂಕಿನ ಬಲ ತುದೀಲೇ ಅನ್ನೋದು ನೆನಪಿರಲಿ. ಕ್ರ್ಯಾಂಕನ್ನ ಹೊತ್ತಿರೋ ಮೇನ್ ಬೇರಿಂಗ್ ಸವೆದ್ರೆ ಆ ತುದಿ ಕುಣಿಯುತ್ತೆ, ಗ್ಯಾಪ್ ಬದಲಾಗುತ್ತೆ, ಟೈಮಿಂಗ್ ಅತ್ತಿತ್ತ ಹೋಗುತ್ತೆ, ದಿಬ್ಬದಲ್ಲಿ ಕಿಣಿಕಿಣಿ ಅನ್ನುತ್ತೆ. ಡೈನಮೋ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಏನೂ ಅಲುಗಬಾರದು. ಆಮೇಲೆ ಫೀಲ್ಡ್ ಕಾಯಿಲ್ ಬಿಚ್ಚಿ ಒಳಮೈ ನೋಡಿ, ಆರ್ಮೇಚರ್ (ಡೈನಮೋದ ತಿರುಗೋ ಭಾಗ) ಉಜ್ಜಿ ಒಂದು ಕಡೆ ಬೆಳ್ಳಗೆ ಹೊಳೀತಿದ್ರೆ ಅನುಮಾನವೇ ಬೇಡ.

ಹಾಗಿದ್ರೆ ಎಂಜಿನ್ ಬಿಚ್ಚಬೇಕಾದ್ದು ನಿಜ, ನಿಮ್ಮ ಮೆಕ್ಯಾನಿಕ್ ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದ್ರೆ ಬಿಗ್ ಎಂಡ್ ಚೆನ್ನಾಗಿರುವಾಗ ಕ್ರ್ಯಾಂಕ್ ಪ್ರೆಸ್ ಮಾಡಿಸಿ ಹೊಸ ಕಾನ್‌ರಾಡ್ ಹಾಕಿಸೋ ಖರ್ಚು ಬೇಕಿಲ್ಲ. ಕೇಸ್ ತೆಗೆದಾಗ ಮೇನ್ ಬೇರಿಂಗ್ ಜೊತೆ ಎರಡೂ ಆಯಿಲ್ ಸೀಲು, ಪ್ರೈಮರಿ ಚೈನ್ ಒಟ್ಟಿಗೆ ಬದಲಾಯಿಸಿ. ಬೋರ್ ಅಳತೆಯೂ ಆಗಲೇ ತೆಗೆಸಿಬಿಡಿ, ಉಳಿದ ಕಟಕಟ ಪಿಸ್ಟನ್ನಿಂದೇ ಇರಬೇಕು. ಯೆಜ್ಡಿ ಮಾಡ್ತಿದ್ದ ನಮ್ಮ ಮೈಸೂರಿನ ಯಾದವಗಿರಿ ಫ್ಯಾಕ್ಟರಿ 1996ರಲ್ಲೇ ನಿಂತಿದ್ರೂ ಬೇರಿಂಗಿಗೆ ತೊಂದರೆ ಇಲ್ಲ, ಅದು ಸಾಮಾನ್ಯ ಅಳತೆಯದ್ದು. ಹಳೇದನ್ನ ಎಸೀದೆ ಬೆಂಗಳೂರಿನ ಜೆ.ಸಿ. ರಸ್ತೆ ಬಿಡಿಭಾಗದ ಅಂಗಡಿಗೆ ತಗೊಂಡು ಹೋಗಿ, ಅದರ ಮೇಲಿನ ನಂಬರ್ ತೋರಿಸಿ, ಸಿ3 ಕ್ಲಿಯರೆನ್ಸ್ (ಒಳಗೆ ಸ್ವಲ್ಪ ಹೆಚ್ಚು ಸಂದು) ಇರೋದನ್ನೇ ಕೇಳಿ.