ಥಾಯ್ಲೆಂಡಿಗೆ ಇಂಗ್ಲಿಷ್ ಕಲಿಸಲು ಹೋಗಬೇಕು: ಹೋಗಿ ಬಂದವರು ದಯವಿಟ್ಟು ಹೇಳಿ

ಕೇಳಿದವರು, ಗದಗ:

ಎಲ್ಲರಿಗೂ ನಮಸ್ಕಾರ. ನನಗೆ 27 ವರ್ಷ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ., ಬಿ.ಇಡಿ. ಮೂರು ವರ್ಷದಿಂದ ಇಲ್ಲೇ ಒಂದು ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದೇನೆ. ಥಾಯ್ಲೆಂಡಿನಲ್ಲಿ ಇಂಗ್ಲಿಷ್ ಟೀಚರ್ ಕೆಲಸ ಇದೆ ಅಂತ ಏಜೆಂಟ್ ಒಬ್ಬರು ಹೇಳುತ್ತಿದ್ದಾರೆ. ಒಂದೂವರೆ ಲಕ್ಷ ಕೇಳಿದ್ದಾರೆ. ಈಗ ಟೂರಿಸ್ಟ್ ಆಗಿ ಹೋಗಿ, ವೀಸಾ ಅಲ್ಲಿ ಹೋದ ಮೇಲೆ ಮಾಡಿಸೋಣ ಅಂತಾರೆ. ಅಪ್ಪನಿಗೆ ಭಯ. ಅವ್ವ ಎರಡು ದಿನದಿಂದ ಸರಿಯಾಗಿ ಮಾತೇ ಆಡಿಲ್ಲ. ಏನೇನು ತಯಾರಿ ಬೇಕು, ಹೋಗಿ ಬಂದವರು ಹೇಳಿ. ನನ್ನ ಉಚ್ಚಾರಣೆ ಬಗ್ಗೆಯೂ ಅಳುಕಿದೆ.

ಧಾರವಾಡದಿಂದ, ಎರಡು ವರ್ಷ ಥಾಯ್ಲೆಂಡಿನಲ್ಲಿ ಕಲಿಸಿ ಬಂದವರು:

ತಂಗಿ, ದುಡ್ಡು ಕೊಟ್ಟಿಲ್ಲ ತಾನೆ? ಕೊಟ್ಟಿಲ್ಲ ಅಂದರೆ ಇವತ್ತು ಕೊಡಬೇಡ, ನಾಳೆನೂ ಕೊಡಬೇಡ.

ಟೂರಿಸ್ಟ್ ಆಗಿ ಹೋಗಿ ಕ್ಲಾಸಿಗೆ ನಿಲ್ಲುವುದು ಅಲ್ಲಿ ಕಾನೂನಿಗೆ ವಿರುದ್ಧ. ಸರಿಯಾದ ದಾರಿ ಅಂದರೆ ಶಾಲೆ ನಿನಗೆ ಕಾಗದ ಕಳಿಸಬೇಕು, ಅದನ್ನು ಇಟ್ಟು ನೀನು ಇಲ್ಲಿಂದಲೇ ನಾನ್-ಇಮಿಗ್ರಂಟ್ ಬಿ ಅನ್ನುವ, ಕೆಲಸಕ್ಕೆ ಹೋಗುವವರ ವೀಸಾಕ್ಕೆ ಅರ್ಜಿ ಹಾಕಬೇಕು, ವರ್ಕ್ ಪರ್ಮಿಟ್ ಶಾಲೆಯೇ ಮಾಡಿಸಬೇಕು. ನನ್ನ ಜೊತೆ ಇದ್ದ ಒಬ್ಬಳು ಏಜೆಂಟ್ ಮಾತು ಕೇಳಿ ಹಾಗೇ ಬಂದಿದ್ದಳು. ಶಾಲೆಗೆ ಯಾರಾದರೂ ಅಧಿಕಾರಿ ಬಂದರೆ ಅವಳನ್ನು ಹಿಂದಿನ ಬಾಗಿಲಿಂದ ಕಳಿಸುತ್ತಿದ್ದರು. ಎಂ.ಎ. ಮಾಡಿದ ಹುಡುಗಿ, ಕ್ಯಾಂಟೀನ್ ಹಿಂದೆ ಪಾತ್ರೆ ತೊಳೆಯುವ ಕಡೆ ಅರ್ಧ ಗಂಟೆ ಕೂತು ಬರುತ್ತಿದ್ದಳು. ಆ ಮುಖ ನನಗೆ ಇವತ್ತಿಗೂ ಕಣ್ಣ ಮುಂದೆ ಇದೆ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಥಾಯ್ಲೆಂಡಿನಲ್ಲಿ ಕೆಲಸ ಅಂತ ಕರೆಸಿಕೊಂಡು, ಗಡಿ ದಾಟಿಸಿ ಮ್ಯಾನ್ಮಾರಿನ ಮ್ಯಾವಡಿ ಕಡೆ ಒಯ್ದು, ಆನ್‌ಲೈನ್ ವಂಚನೆಯ ಕೆಲಸಕ್ಕೆ ಕೂಡಿಹಾಕಿದ ಸುದ್ದಿ ಓದಿರ್ತೀಯ. ವಿದೇಶಾಂಗ ಇಲಾಖೆ 2022ರಲ್ಲೇ ಎಚ್ಚರಿಸಿತ್ತು. 2025ರ ಮಾರ್ಚ್‌ನಲ್ಲಿ ಥಾಯ್ಲೆಂಡಿನ ಗಡಿ ಊರು ಮೇ ಸೋಟ್‌ನಿಂದ ನಮ್ಮ ವಾಯುಪಡೆಯ ವಿಮಾನದಲ್ಲಿ ಹಾಗೆ ಸಿಕ್ಕಿಕೊಂಡಿದ್ದ ನೂರಾರು ಜನರನ್ನು ವಾಪಸ್ ಕರೆತಂದರು. ನಿನ್ನ ಏಜೆಂಟ್ ಅಂಥವನೇ ಅಂತ ಹೇಳುತ್ತಿಲ್ಲ. ಆದರೆ ಶಾಲೆಯ ಹೆಸರು, ಊರು, ಫೋನ್ ನಂಬರ್ ತಗೊಂಡು, ನೀನೇ ಶಾಲೆಗೆ ವಿಡಿಯೋ ಕಾಲ್ ಮಾಡು. ಕ್ಲಾಸ್‌ರೂಮ್ ತೋರಿಸಿ ಅನ್ನು. ನಿಜವಾದ ಶಾಲೆ ಆದರೆ ಖುಷಿಯಿಂದ ತೋರಿಸ್ತಾರೆ, ಅವರೇ ನಿನಗೆ ಡೆಮೊ ಪಾಠ ಮಾಡು ಅಂತಾರೆ.

ಈಗ ಉಚ್ಚಾರಣೆ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದರೆ ನಾನೂ ಇದೇ ಭಯ ಹೊತ್ತುಕೊಂಡು ಹೋದವಳು. ನಾವು ಕನ್ನಡದವರು ಇಂಗ್ಲಿಷ್ ಪದದ ಕೊನೆಗೆ ಒಂದು ಉಕಾರ ಹಚ್ಚಿಬಿಡ್ತೀವಿ: ಬಸ್ಸು, ಬುಕ್ಕು, ಪೆನ್ನು. ಥಾಯ್ ಮಕ್ಕಳದು ಇದಕ್ಕೆ ಪೂರ್ತಿ ಉಲ್ಟಾ. ಅವರ ಭಾಷೆಯಲ್ಲಿ ಪದದ ಕೊನೆಗೆ ಸಕಾರ ಬರುವುದಿಲ್ಲ, ಲಕಾರವೂ ಬರುವುದಿಲ್ಲ. ಅದಕ್ಕೆ ಬಸ್ ಹೋಗಿ 'ಬಟ್' ಆಗುತ್ತದೆ, ಫುಟ್‌ಬಾಲ್ 'ಫುಟ್‌ಬಾನ್' ಆಗುತ್ತದೆ. ಮೊದಲ ವಾರ ನನಗೆ ಏನೂ ತಿಳಿಯಲಿಲ್ಲ. ಒಂದು ದಿನ ಬೋರ್ಡ್ ಮೇಲೆ ಬಸ್ ಚಿತ್ರ ಬರೆದು, ಕೊನೆಯ ಸಕಾರವನ್ನು ಹಾವಿನ ಹಾಗೆ ಉದ್ದಕ್ಕೆ ಎಳೆದು, ಬೆರಳನ್ನು ಗಾಳಿಯಲ್ಲಿ ಓಡಿಸಿದೆ. ಕೊನೆಯ ಬೆಂಚಿನ ಒಬ್ಬ ಹುಡುಗ ಎದ್ದು ನಿಂತು 'ಬಸ್ಸ್ಸ್ಸ್' ಅಂತ ಶಾಲೆಗೆಲ್ಲ ಕೇಳುವ ಹಾಗೆ ಅಂದ. ಇಡೀ ಕ್ಲಾಸು ಚಪ್ಪಾಳೆ. ನನಗೆ ಕಣ್ಣಲ್ಲಿ ನೀರು ಬಂತು. ಆವತ್ತು ತಿಳಿಯಿತು, ಅಮೆರಿಕದವರ ಹಾಗೆ ಮಾತಾಡುವುದು ನನ್ನ ಕೆಲಸ ಅಲ್ಲ, ಪದದ ಕೊನೆಯನ್ನು ಸ್ಪಷ್ಟವಾಗಿ ನಿಲ್ಲಿಸಿ ತೋರಿಸುವುದು ನನ್ನ ಕೆಲಸ. ಹಾಗಾಗಿ ಈಗಿಂದಲೇ ದಿನಾ ಹತ್ತು ನಿಮಿಷ ಮೊಬೈಲ್‌ನಲ್ಲಿ ನಿನ್ನ ಪಾಠ ರೆಕಾರ್ಡ್ ಮಾಡಿಕೊಂಡು ಕೇಳು. ಕೊನೆಯ ಉಕಾರ ಬಿಡು, 'ಎಮ್' ಅನ್ನುವ ಕಡೆ 'ಯೆಮ್' ಬರ್ತಿದೆಯಾ ನೋಡು, ವೆಸ್ಟ್ ಅಂತ ನಾವು ಒಂದೇ ಥರ ಓದುವ vest, west ಎರಡು ಪದಗಳನ್ನು ಬೇರೆ ಮಾಡಿ ಹೇಳು. ಅಷ್ಟು ಸಾಕು. ನಿಧಾನಕ್ಕೆ ಮಾತಾಡು.

ಇಂಗ್ಲಿಷ್ ಮಾತೃಭಾಷೆ ಅಲ್ಲದವರಿಗೆ ಅಲ್ಲಿ ಟೋಯಿಕ್ ಅಥವಾ ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯ ಅಂಕ ಕೇಳುತ್ತಾರೆ, ಅದನ್ನು ಬರೆದೇ ಹೋಗು.

ಹಾವೇರಿಯಿಂದ, ಒಮಾನಿನ ಭಾರತೀಯ ಶಾಲೆಯಲ್ಲಿ ಇದ್ದವರು:

ಅಕ್ಕಾರು ಹೇಳಿದ್ದು ಸರಿ. ನಾನು ಕಾಗದದ ಬಗ್ಗೆ ಅಷ್ಟೇ ಹೇಳುತ್ತೇನೆ ಮೇಡಂ, ನನ್ನ ನಾಲ್ಕು ತಿಂಗಳು ಅದರಲ್ಲೇ ಹೋಯಿತು.

ನಮ್ಮ ಕಡೆ ಹೆಸರು, ತಂದೆ ಹೆಸರು, ಅಡ್ಡಹೆಸರು ಅಂತ ಮೂರು ಇರುತ್ತವಲ್ಲ, ಅಲ್ಲೇ ತೊಂದರೆ ಶುರು. ನನ್ನ ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಅಡ್ಡಹೆಸರು ಮೊದಲು, ಡಿಗ್ರಿಯಲ್ಲಿ ಕೊನೆಗೆ, ಆಧಾರ್‌ನಲ್ಲಿ ತಂದೆ ಹೆಸರೇ ಇಲ್ಲ. ಪಾಸ್‌ಪೋರ್ಟ್ ಒಂದು ಥರ, ಡಿಗ್ರಿ ಒಂದು ಥರ ಇದ್ದರೆ ಹೊರಗಿನವರಿಗೆ ಅದು ಇಬ್ಬರು ಬೇರೆ ಬೇರೆ ಮನುಷ್ಯರು. ಇವತ್ತೇ ಎಲ್ಲಾ ಕಾಗದ ಹಾಸಿಗೆ ಮೇಲೆ ಹರವಿ, ಅಕ್ಷರ ಅಕ್ಷರ ತಾಳೆ ನೋಡಿ.

ಪಾವಟೆ ನಗರದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಹೋಗಿ ಘಟಿಕೋತ್ಸವದ ಸರ್ಟಿಫಿಕೇಟ್ ತಗೊಂಡಿದ್ದೀರಾ? ತುಂಬಾ ಜನ ಮಾರ್ಕ್ಸ್‌ಕಾರ್ಡ್ ಇದೆ ಸಾಕು ಅಂತ ಬಿಟ್ಟಿರುತ್ತಾರೆ. ಹೊರದೇಶಕ್ಕೆ ಅದು ಬೇಕೇ ಬೇಕು. ಪೊಲೀಸ್ ಕ್ಲಿಯರೆನ್ಸ್‌ಗೆ (ನಿಮ್ಮ ಮೇಲೆ ಕೇಸಿಲ್ಲ ಅನ್ನುವ ಪತ್ರ) ಪಾಸ್‌ಪೋರ್ಟ್ ಸೇವಾ ವೆಬ್‌ಸೈಟಿನಲ್ಲಿ 500 ರೂಪಾಯಿ ಕಟ್ಟಿ, ಹುಬ್ಬಳ್ಳಿ ಕೇಂದ್ರಕ್ಕೆ ಅಪಾಯಿಂಟ್‌ಮೆಂಟ್ ತಗೊಳ್ಳಿ. ಆದರೆ ತುಂಬಾ ಮುಂಚೆ ಮಾಡಿಸಬೇಡಿ, ಹಳೆಯದಾದರೆ ಮತ್ತೆ ಕೇಳುತ್ತಾರೆ. ಒಮಾನ್ ಅಪಾಸ್ಟಿಲ್ (ಕಾಗದ ಅಸಲಿ ಅಂತ ಅದರ ಮೇಲೆ ಹಚ್ಚುವ ಸರ್ಕಾರಿ ದೃಢೀಕರಣ) ಒಪ್ಪುವ ದೇಶ, ಹಾಗಾಗಿ ನನಗೆ ವಿದೇಶಾಂಗ ಇಲಾಖೆಯ ಒಂದು ಸ್ಟಿಕ್ಕರ್‌ಗೆ ಮುಗಿಯಿತು. ದುಬೈಗೆ ಹೋದ ನನ್ನ ಗೆಳೆಯ ಅದರ ಮೇಲೆ ರಾಯಭಾರ ಕಚೇರಿಯ ಮುದ್ರೆಯನ್ನೂ ಹಾಕಿಸಬೇಕಾಯಿತು. ಥಾಯ್ಲೆಂಡಿಗೆ ಏನು ಬೇಕು ಅಂತ ಶಾಲೆಯವರಿಂದ ಬರಹದಲ್ಲಿ ಕೇಳಿ.

ಏಜೆಂಟ್ ಬಗ್ಗೆ: ವಿದೇಶಕ್ಕೆ ಕೆಲಸಕ್ಕೆ ಕಳಿಸುವವರು ಸರ್ಕಾರದ ಲೈಸೆನ್ಸ್ ಪಡೆದಿರಬೇಕು. ಅಂಥವರ ಪಟ್ಟಿ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಇದೆ. ಅವರು ತಗೊಳ್ಳಬಹುದಾದ ಶುಲ್ಕ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ, ಅಷ್ಟೇ. ಒಂದೂವರೆ ಲಕ್ಷ ಎಲ್ಲಿಂದ ಬಂತು ಕೇಳಿ.

ಹುಬ್ಬಳ್ಳಿಯಿಂದ, ಮಗಳನ್ನು ವಿಯೆಟ್ನಾಂಗೆ ಕಳಿಸಿದ ತಾಯಿ:

ಅವ್ವ ಮಾತಾಡುತ್ತಿಲ್ಲ ಅಂದೆಯಲ್ಲ, ಅದು ಸಿಟ್ಟಲ್ಲ ಮಗಳೇ. ನಾನೂ ಹಾಗೇ ಇದ್ದೆ. ನನ್ನ ಮಗಳು ಶಾಲೆಯ ಹೆಡ್‌ಮೇಡಂ ಜೊತೆ ವಿಡಿಯೋ ಕಾಲ್‌ನಲ್ಲಿ ನನ್ನನ್ನು ಕೂರಿಸಿದಳು. ನನಗೆ ಅವರ ಮಾತು ತಿಳಿಯಲಿಲ್ಲ, ಅವರಿಗೆ ನನ್ನದು ತಿಳಿಯಲಿಲ್ಲ, ಆದರೂ ಅವರು ಎರಡೂ ಕೈ ಜೋಡಿಸಿ ನಕ್ಕರು. ಆವತ್ತು ರಾತ್ರಿ ನಿದ್ದೆ ಮಾಡಿದೆ. ನೀನೂ ಅವ್ವನನ್ನು ಪಕ್ಕಕ್ಕೆ ಕೂರಿಸಿಕೊ. ಶಾಲೆಯ ವಿಳಾಸ, ಅಲ್ಲಿನ ನಮ್ಮ ದೇಶದ ರಾಯಭಾರ ಕಚೇರಿ ನಂಬರ್ ಒಂದು ಹಾಳೆಯಲ್ಲಿ ಬರೆದು ಮನೆಯಲ್ಲಿ ಇಟ್ಟು ಹೋಗು.

ಧಾರವಾಡದಿಂದ, ಪಿಎಚ್‌ಡಿ ಮಾಡುತ್ತಿರುವವರು:

ಕೊರಿಯಾ, ಜಪಾನ್ ಅಂತ ಯಾರಾದರೂ ಆಸೆ ಹುಟ್ಟಿಸಿದರೆ ಹುಷಾರು. ಇಂಗ್ಲಿಷ್ ಕಲಿಸುವವರಿಗೆ ಕೊಡುವ ಕೊರಿಯಾದ ಇ-2 ವೀಸಾ ಸಾಮಾನ್ಯವಾಗಿ ಅಮೆರಿಕ, ಬ್ರಿಟನ್, ಕೆನಡಾದಂಥ ಏಳು ದೇಶದವರಿಗೆ ಮಾತ್ರ. ಜಪಾನಿನ ಶಾಲೆಗಳಿಗೆ ಹೋಗಲು 12 ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿ ಓದಿರಬೇಕು. ಕನ್ನಡ ಮಾಧ್ಯಮದವರಿಗೆ ಇದು ನೋವಿನ ಮಾತು, ನಾನೂ ಅದೇ ಬಾಗಿಲು ತಟ್ಟಿ ಬಂದವನು. ಟೆಫಲ್ ಕೋರ್ಸ್ (ಬೇರೆ ಭಾಷೆಯವರಿಗೆ ಇಂಗ್ಲಿಷ್ ಕಲಿಸುವ ತರಬೇತಿ) ಮಾಡುವುದಾದರೆ ಸುಮ್ನೆ ಆನ್‌ಲೈನ್ ಸರ್ಟಿಫಿಕೇಟ್ ಸಾಲದು, ನಿಜವಾದ ಮಕ್ಕಳ ಮುಂದೆ ಪಾಠ ಮಾಡಿಸಿ ತಿದ್ದುವ ಕೋರ್ಸ್ ನೋಡಿ. ಕೇಂಬ್ರಿಜ್‌ನ ಸೆಲ್ಟಾ ಅನ್ನುವ ಇಂಥದೇ ಕೋರ್ಸಿನಲ್ಲಿ ಆರು ಗಂಟೆ ಹಾಗೆ ಪಾಠ ಮಾಡಲೇಬೇಕು, ಅಲ್ಲಿ ವಿದ್ಯಾರ್ಥಿಗಳು ದೊಡ್ಡವರು. ಖರ್ಚು ಜಾಸ್ತಿ.

ಕೇಳಿದವರು, ಗದಗ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಏಜೆಂಟ್‌ಗೆ ಲೈಸೆನ್ಸ್ ನಂಬರ್ ಕೇಳಿದೆ, ನಿನ್ನೆಯಿಂದ ಫೋನ್ ಎತ್ತುತ್ತಿಲ್ಲ. ದುಡ್ಡು ಕೊಟ್ಟಿಲ್ಲ, ಪುಣ್ಯ. ಇನ್ನೊಂದು ಶಾಲೆಗೆ ನಾನೇ ಈಮೇಲ್ ಬರೆದಿದ್ದೇನೆ. ಘಟಿಕೋತ್ಸವದ ಸರ್ಟಿಫಿಕೇಟ್ ತಗೊಂಡೇ ಇಲ್ಲ, ಗುರುವಾರ ಧಾರವಾಡಕ್ಕೆ ಹೊರಟಿದ್ದೇನೆ. ಅಕ್ಕ, ಊಟದ್ದು ಹೇಗೆ? ನಾವು ಮೊಟ್ಟೆಯನ್ನೂ ತಿನ್ನಲ್ಲ.

ಧಾರವಾಡದಿಂದ, ಎರಡು ವರ್ಷ ಥಾಯ್ಲೆಂಡಿನಲ್ಲಿ ಕಲಿಸಿ ಬಂದವರು:

ಮಾಂಸ ಬೇಡ ಅಂದರೆ ಅಲ್ಲಿ ಸಾಲದು, ಪಲ್ಯಕ್ಕೂ ಮೀನಿನ ಸಾಸ್ ಹಾಕಿಬಿಡ್ತಾರೆ. 'ಕಿನ್ ಜೇ' ಅನ್ನು. ಜೇ ಅಂದರೆ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲದ ಊಟ, ಈರುಳ್ಳಿ ಬೆಳ್ಳುಳ್ಳಿನೂ ಇರಲ್ಲ. ಹಳದಿ ಬಾವುಟದ ಮೇಲೆ ಕೆಂಪಕ್ಷರ ಇದ್ದ ಅಂಗಡಿ ನೋಡಿಕೊ. ಮೊದಲ ತಿಂಗಳಿಗೆ ಖಡಕ್ ರೊಟ್ಟಿ ಒಯ್ಯಿ, ಒಂದರ ಮೇಲೊಂದು ಇಟ್ಟು ಬಟ್ಟೆ ಸುತ್ತಿ ಸ್ಟೀಲ್ ಡಬ್ಬಿಯಲ್ಲಿ, ಇಲ್ಲದಿದ್ದರೆ ಪುಡಿ ಪುಡಿ ಆಗುತ್ತವೆ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಒಣದು ಇರಲಿ. ಸಂಬಳ ತಿಂಗಳ ಕೊನೆಗೆ ಬರುತ್ತೆ, ರೂಮಿಗೆ ಡಿಪಾಸಿಟ್ ಮೊದಲೇ ಕೊಡಬೇಕು, ಹಾಗಾಗಿ ಎರಡು ಮೂರು ತಿಂಗಳ ಖರ್ಚಿನ ದುಡ್ಡು ಕೈಯಲ್ಲಿ ಇಟ್ಟುಕೊ. ಸಂಬಳ ಹನ್ನೆರಡು ತಿಂಗಳೂ ಕೊಡ್ತಾರಾ, ಮಾರ್ಚ್-ಏಪ್ರಿಲ್ ರಜೆಗೆ ಕಟ್ ಮಾಡ್ತಾರಾ ಅಂತ ಕರಾರಿನಲ್ಲಿ ಓದಿಕೊ. ಗುರುವಾರ ಧಾರವಾಡಕ್ಕೆ ಬರ್ತೀಯಲ್ಲ, ಕೆಲಸ ಮುಗಿದ ಮೇಲೆ ಮೆಸೇಜ್ ಮಾಡು, ನನ್ನ ಹಳೆಯ ಕರಾರು ಪತ್ರ ತೋರಿಸ್ತೀನಿ, ನಿನ್ನದು ಬಂದಾಗ ತಾಳೆ ಹಾಕಲು ಬೇಕಾಗುತ್ತೆ.