ಪದ ಬೇಕಾಗಿದೆ: ನಿದ್ದೆಯಲ್ಲಿ ಬರುವ ‘ಸ್ಟ್ರೈಡರ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ನರರೋಗ ವೈದ್ಯರೊಬ್ಬರಿಗಾಗಿ, ರೋಗಿಯ ಮನೆಯವರು ಓದುವಂಥ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಮಿದುಳಿನ ಉರಿಯೂತದಿಂದ ನಿದ್ದೆ, ಉಸಿರು ಎರಡೂ ಕೆಡುವ ಕಾಯಿಲೆಗಳ ಬಗ್ಗೆ. ‘ಸ್ಟ್ರೈಡರ್’ (stridor, ಉಸಿರು ಎಳೆದುಕೊಳ್ಳುವಾಗ ಗಂಟಲಲ್ಲಿ ಬರುವ ಕೀರಲು ಸದ್ದು) ಅನ್ನುವ ಪದದ ಹತ್ತಿರ ಬಂದು ಕೈ ನಿಂತಿದೆ.

ಗೊರಕೆ ಅಂತ ಬರೆದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. “ನಮ್ಮಪ್ಪಂದು ಮೊದ್ಲಿಂದ್ಲೂ ಗೊರಕೆನೇ ಬಿಡ್ರೀ” ಅಂದುಬಿಡ್ತಾರೆ. ಗೊರಕೆ ಬರುವುದು ಅಂಗುಳಿನ ಹಿಂದಿನ ಮೆತ್ತನೆ ಭಾಗ ಅದುರಿದಾಗ. ಸ್ಟ್ರೈಡರ್ ಹುಟ್ಟುವುದು ಇನ್ನೂ ಕೆಳಗೆ, ಧ್ವನಿಪೆಟ್ಟಿಗೆಯ ಹತ್ತಿರ. ಉಸಿರು ಎಳೆದುಕೊಳ್ಳುವಾಗ ದಾರಿ ಕಿರಿದಾಗಿ ಕೀಂವ್ ಅನ್ನುತ್ತದೆ. ಉಬ್ಬಸವೂ ಅಲ್ಲ. ಅದು ಎದೆಯದು, ಜಾಸ್ತಿ ಉಸಿರು ಬಿಡುವಾಗ ಕೇಳುವಂಥದ್ದು. ಮೇಲುಸಿರು ಅಂತೂ ಬೇಡವೇ ಬೇಡ, ಬಾಯಿಗೆ ನೀರು ಬಿಡುವ ಹೊತ್ತು ಬಂತು ಅಂದುಕೊಂಡಾರು!

ಇಷ್ಟು ತಲೆಕೆಡಿಸಿಕೊಳ್ಳಲು ಕಾರಣ ಇದೆ. 2014ರಲ್ಲಿ ಬಾರ್ಸಿಲೋನಾದ ವೈದ್ಯರು ಮೊದಲು ವಿವರಿಸಿದ ಆಂಟಿ-ಇಗ್ಲಾನ್5 (anti-IgLON5, ದೇಹದ ರೋಗನಿರೋಧಕ ಶಕ್ತಿಯೇ ನರಕೋಶಗಳ ಮೇಲಿನ ಇಗ್ಲಾನ್5 ಅನ್ನುವ ಪ್ರೋಟೀನಿನ ಮೇಲೆ ತಿರುಗಿಬೀಳುವ) ಕಾಯಿಲೆಯಲ್ಲಿ ಈ ಸದ್ದು ಒಂದು ಮುಖ್ಯ ಸುಳಿವು. ಹಗಲು ಮಾಮೂಲಿಯಾಗಿ ಉಸಿರಾಡುವವರಿಗೂ ರಾತ್ರಿ ಕುತ್ತಿಗೆ ಹಿಸುಕಿದಂತೆ ಆಗಬಹುದು. ಕೆಲವರಿಗೆ ಗಂಟಲಿಗೆ ತೂತು ಮಾಡಿ ಕೊಳವೆ ಹಾಕಬೇಕಾಗುತ್ತದೆ. ಪಕ್ಕದಲ್ಲಿ ಮಲಗಿದವರು ಸದ್ದಿನ ವ್ಯತ್ಯಾಸ ಗುರುತಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿ ತಂದರೆ ವೈದ್ಯರಿಗೆ ದೊಡ್ಡ ಉಪಕಾರ.

ಸದ್ಯಕ್ಕೆ ‘ಕೀರಲುಸಿರು’ ಅಂತ ಬರೆದಿದ್ದೇನೆ. ನನ್ನದೇ ಜೋಡಣೆ. ಕಿವಿಗೆ ಒಗ್ಗುತ್ತಾ?

ಇನ್ನೊಂದು. ಇದೇ ರೋಗಿಗಳು ನಿದ್ದೆಯಲ್ಲೇ ಕೈಯಾಡಿಸುತ್ತಾರೆ. ಮಂಡಕ್ಕಿ ಮುಕ್ಕಿದ ಹಾಗೆ ಕೈ ಬಾಯಿಗೆ ಹೋಗುತ್ತದೆ, ಇಲ್ಲದ ದಾರ ಎಳೆಯುತ್ತಾರೆ, ಬಾಯಲ್ಲಿ ಏನೋ ಗೊಣಗಾಟ. ಗೊಣಗಾಟಕ್ಕೆ ‘ಕನವರಿಕೆ’ ಸಾಕು. ಕೈಯಾಟಕ್ಕೂ ಅದನ್ನೇ ಹಿಗ್ಗಿಸಬಹುದಾ? ನನಗೇನೋ ಹಿಗ್ಗಿಸಬಹುದು ಅನ್ನಿಸುತ್ತದೆ.

‘ಮಿದುಳಿನ ಉರಿಯೂತ’ದ ಬದಲು ‘ಮೆದುಳು ಜ್ವರ’ ಬಳಸಿ ಅನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಆ ಹೆಸರು ಕೇಳಿದರೆ ನಮ್ಮ ಕಡೆ ಸೊಳ್ಳೆ, ಲಸಿಕೆ, ಮಕ್ಕಳು ನೆನಪಾಗುತ್ತಾರೆ. ನಾನು ಹೇಳುತ್ತಿರುವ ಇಗ್ಲಾನ್5 ಕಾಯಿಲೆಯಲ್ಲಿ ಜ್ವರವೇ ಇರುವುದಿಲ್ಲ. ವಯಸ್ಸಾದವರಲ್ಲಿ ತಿಂಗಳು, ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಹಾಗಾಗಿ ‘ಉರಿಯೂತ’ವೇ ಇರಲಿ.

ಚಳ್ಳಕೆರೆ, ಹಿರಿಯೂರು ಕಡೆಯವರು ದಯವಿಟ್ಟು ಬರೆಯಿರಿ. ಕುರಿಗೆ ಗಂಟಲು ಕಟ್ಟಿ ಉಸಿರೆಳೆಯುವಾಗ ಸದ್ದು ಬಂದರೆ ಕುರಿ ಕಾಯುವವರು ಏನಂತಾರೆ? ಅಂಥ ಒಂದು ಮಾತು ಸಿಕ್ಕರೆ ನನ್ನ ‘ಕೀರಲುಸಿರು’ ಈಗಲೇ ಹೊಡೆದುಹಾಕುತ್ತೇನೆ.