ಮಗ ಸಲ್ಲಿಸಿದ ಐಟಿಆರ್‌ನಿಂದ ತಾಯಿಯ ಬಿಪಿಎಲ್ ಚೀಟಿ ಹೋಗುತ್ತದೆಯೇ?

ಹೊಳೆಬದಿಯವ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮಂಗಳೂರು ತಾಲ್ಲೂಕಿನಲ್ಲಿ, ಗುರುಪುರ ಕೈಕಂಬದಿಂದ ಸ್ವಲ್ಪ ಒಳಗೆ, ಗ್ರಾಮ ಪಂಚಾಯತಿ ವ್ಯಾಪ್ತಿಯಲ್ಲಿದೆ. ತಂದೆ ತೀರಿಕೊಂಡು ಒಂಬತ್ತು ವರ್ಷಗಳಾದವು. ಅಮ್ಮನಿಗೆ ಐವತ್ತೆಂಟು ವರ್ಷ, ಬೀಡಿ ಕಟ್ಟುತ್ತಾರೆ; ಅಜ್ಜಿಗೆ ಎಂಬತ್ತೆರಡು. ಬಿಪಿಎಲ್ ಪಡಿತರ ಚೀಟಿ ಅಮ್ಮನ ಹೆಸರಿನಲ್ಲಿದ್ದು, ಅದರಲ್ಲಿ ಅಮ್ಮ, ಅಜ್ಜಿ ಮತ್ತು ನಾನು ಮೂವರೇ ಇದ್ದೇವೆ. ನನಗೆ ಮದುವೆಯಾಗಿ ನಾಲ್ಕು ವರ್ಷಗಳಾದರೂ ಹೆಂಡತಿಯ ಮತ್ತು ಮಗುವಿನ ಹೆಸರು ಇನ್ನೂ ಸೇರಿಲ್ಲ. ತಿದ್ದುಪಡಿಗೆ ಅವಕಾಶ ಕೊಟ್ಟಿದ್ದ ದಿನಗಳಲ್ಲಿ ರಜೆ ಹಾಕಿ ಸೇವಾ ಕೇಂದ್ರಕ್ಕೆ ಹೋದಾಗಲೆಲ್ಲ ಸರ್ವರ್ ಕೈಕೊಟ್ಟಿತ್ತು.

ಕಳೆದ ತಿಂಗಳು ಅಮ್ಮ ಅಕ್ಕಿಗೆಂದು ಸೊಸೈಟಿಗೆ ಹೋದಾಗ, ಚೀಟಿಯು ಪರಿಶೀಲನೆಯ ಪಟ್ಟಿಯಲ್ಲಿದೆ, ಕುಟುಂಬದಲ್ಲಿ ಆದಾಯ ತೆರಿಗೆಯವರು ಇದ್ದಾರೆಂದು ತೋರಿಸುತ್ತಿದೆ, ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ ಎಂದು ಹೇಳಿ ಕಳುಹಿಸಿದರು. ಆ ‘ತೆರಿಗೆಯವ’ ನಾನೇ. 2023ರಲ್ಲಿ ಬೈಕ್ ಸಾಲ ಮಾಡುವಾಗ ಮಧ್ಯವರ್ತಿಯೊಬ್ಬರು ಐಟಿಆರ್ (ಆದಾಯ ತೆರಿಗೆ ರಿಟರ್ನ್) ಇದ್ದರೆ ಸಾಲ ಬೇಗ ಆಗುತ್ತದೆ ಎಂದು ಹೇಳಿ, ಅವರೇ 2 ಲಕ್ಷ 60 ಸಾವಿರ ರೂಪಾಯಿ ವರಮಾನ ಬರೆದು ಸಲ್ಲಿಸಿದ್ದರು. ಆಗ ನನ್ನ ಸಂಬಳ ಅಷ್ಟಿರಲಿಲ್ಲ. ನಾನು ಓದದೆ ಒಪ್ಪಿಗೆ ಕೊಟ್ಟದ್ದು ತಪ್ಪೆಂದು ಗೊತ್ತಿದೆ. ತೆರಿಗೆಯೆಂದು ಒಂದು ರೂಪಾಯಿಯನ್ನೂ ಕಟ್ಟಿಲ್ಲ.

ಈಗ ಹಂಪನಕಟ್ಟೆಯ ಬಟ್ಟೆ ಅಂಗಡಿಯೊಂದರಲ್ಲಿ ತಿಂಗಳಿಗೆ 16,000 ರೂಪಾಯಿ ಸಿಗುತ್ತದೆ. ಅಂಗಡಿ ಮುಚ್ಚುವಷ್ಟರಲ್ಲಿ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ನಮ್ಮೂರಿಗೆ ಹೋಗುವ ಕೊನೆಯ ಬಸ್ ಹೊರಟಿರುತ್ತದೆ, ರಾತ್ರಿ ಆ ರಸ್ತೆಯಲ್ಲಿ ಬೈಕ್ ಬೇಡವೆಂದು ಅಮ್ಮನ ಹಟ. ಹಾಗಾಗಿ ಎರಡು ವರ್ಷಗಳಿಂದ ಹೆಂಡತಿ ಮಗುವಿನೊಂದಿಗೆ ಕಂಕನಾಡಿಯಲ್ಲಿ ಬಾಡಿಗೆ ಕೋಣೆಯಲ್ಲಿದ್ದು, ಭಾನುವಾರ ಮಾತ್ರ ಊರಿಗೆ ಹೋಗಿ ಬರುತ್ತೇವೆ. ಅಮ್ಮನಿಗೆ ತಿಂಗಳಿಗೆ 3,000 ರೂಪಾಯಿ ಕೊಡುತ್ತೇನೆ.

ನನ್ನ ಪ್ರಶ್ನೆಗಳು ಇಷ್ಟು. ತೆರಿಗೆ ಕಟ್ಟದಿದ್ದರೂ ರಿಟರ್ನ್ ಸಲ್ಲಿಸಿದ ಮಾತ್ರಕ್ಕೆ ಚೀಟಿ ರದ್ದಾಗುತ್ತದೆಯೇ? ನಮ್ಮ ಹಳೆಯ ಹಂಚಿನ ಮನೆ ಸಾವಿರ ಚದರ ಅಡಿ ದಾಟುತ್ತದೆ, ಅದೂ ತೊಡಕಾಗುವುದೇ? ಅಮ್ಮನಿಗೆ ಬೀಡಿಯ ಪಿಎಫ್ ಇರುವುದನ್ನು ಹೇಳಬೇಕೇ? ಅಜ್ಜಿಯ ಹೆಬ್ಬೆಟ್ಟು ಯಂತ್ರದಲ್ಲಿ ಬೀಳುವುದೇ ಇಲ್ಲ, ಅದಕ್ಕೇನು ಮಾಡುವುದು?

ಪಾಂಡೇಶ್ವರದಿಂದ ಒಬ್ಬ

ಬೇಸರ ಮಾಡಿಕೊಳ್ಳಬೇಡಿ. ತಿಂಗಳಿಗೆ ಹದಿನಾರು ಸಾವಿರ ದುಡಿಯುವ ಮಗನಿರುವ ಮನೆಗೆ ಬಿಪಿಎಲ್ ಚೀಟಿ ಏಕೆ ಎಂಬುದು ನನಗೆ ಅರ್ಥವಾಗಲಿಲ್ಲ. ಸಾಲಕ್ಕೆ ಹೋದಾಗ ವರಮಾನ ಹೆಚ್ಚು, ಅಕ್ಕಿಗೆ ಹೋದಾಗ ಕಡಿಮೆ ಎಂದು ಹೇಳುವುದು ಸರಿಯಲ್ಲ. ಚೀಟಿಯನ್ನು ನೀವಾಗಿಯೇ ಒಪ್ಪಿಸಿ ಎಪಿಎಲ್‌ಗೆ (ಬಡತನ ರೇಖೆಗಿಂತ ಮೇಲಿನವರ ಚೀಟಿಗೆ) ಬದಲಾಯಿಸಿಕೊಳ್ಳುವುದು ಮರ್ಯಾದೆಯ ದಾರಿ.

ನಿವೃತ್ತ ಗುಮಾಸ್ತ

ನಾನು ಕೆಲವು ವರ್ಷ ತಾಲ್ಲೂಕು ಕಚೇರಿಯ ಆಹಾರ ಶಾಖೆಯಲ್ಲಿ ಕೆಲಸ ಮಾಡಿದವನು. ಪ್ರಶ್ನೆ ಕೇಳಿದವರು ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದ್ದಾರೆ. ಮೊದಲು ಅದನ್ನು ಬಿಚ್ಚುತ್ತೇನೆ.

ಮೊದಲನೆಯದು ತೆರಿಗೆ. ಅನರ್ಹತೆಯ ಪಟ್ಟಿಯಲ್ಲಿರುವುದು ಆದಾಯ ತೆರಿಗೆ ಪಾವತಿಸುವವರು. ನಿಮ್ಮ ರಿಟರ್ನಿನ ಆರ್ಥಿಕ ವರ್ಷದಲ್ಲಿ 5 ಲಕ್ಷದವರೆಗಿನ ವರಮಾನಕ್ಕೆ ಕಲಂ 87ಎ ರಿಯಾಯಿತಿ ಇದ್ದುದರಿಂದ ನಿಮಗೆ ತೆರಿಗೆ ಶೂನ್ಯವಾಗಿದೆ. ರಿಟರ್ನ್ ಪರಿಶೀಲನೆಯಾದ ಮೇಲೆ ತೆರಿಗೆ ಇಲಾಖೆಯಿಂದ ನಿಮ್ಮ ಇ-ಮೇಲ್‌ಗೆ ಕಲಂ 143(1)ರ ಪತ್ರ, ಅಂದರೆ ನಿಮ್ಮ ತೆರಿಗೆಯ ಲೆಕ್ಕ ತಿಳಿಸುವ ಪತ್ರ, ಬಂದಿರುತ್ತದೆ (ಮಧ್ಯವರ್ತಿ ತನ್ನದೇ ಇ-ಮೇಲ್ ಕೊಟ್ಟಿದ್ದರೆ ಇ-ಫೈಲಿಂಗ್ ತಾಣಕ್ಕೆ ಪ್ಯಾನ್ ಹಾಕಿ ಒಳಹೊಕ್ಕು ತೆಗೆದುಕೊಳ್ಳಿ). ಅದರ ಪ್ರತಿಯನ್ನು ಲಗತ್ತಿಸಿ, ತೆರಿಗೆ ಪಾವತಿಸಿಲ್ಲವೆಂದು ತಾಲ್ಲೂಕಿನ ಆಹಾರ ನಿರೀಕ್ಷಕರಿಗೆ ಲಿಖಿತ ಆಕ್ಷೇಪಣೆ ಕೊಡಿ. ಸ್ವೀಕೃತಿ ಪಡೆಯದೆ ಹಿಂದಿರುಗಬೇಡಿ. 2024ರ ನವೆಂಬರಿನಲ್ಲಿ ರಾಜ್ಯದಾದ್ಯಂತ ಚೀಟಿಗಳು ರದ್ದಾಗಿ ಗದ್ದಲವೆದ್ದಾಗ, ಆದಾಯ ತೆರಿಗೆ ಪಾವತಿದಾರರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರ ಚೀಟಿಗಳನ್ನು ಮರಳಿಸಲು ಸರ್ಕಾರವೇ ಸೂಚಿಸಿತ್ತು.

ಎರಡನೆಯದು ವರಮಾನ, ಇಲ್ಲಿ ಕಷ್ಟವಿದೆ. ತೆರಿಗೆಯ ಗುರುತು ಅಳಿಸಿಹೋದರೂ ಬಿಪಿಎಲ್ ಕುಟುಂಬಕ್ಕಿರುವ ವಾರ್ಷಿಕ 1 ಲಕ್ಷ 20 ಸಾವಿರದ ವರಮಾನದ ಮಿತಿ ಹಾಗೆಯೇ ಉಳಿಯುತ್ತದೆ. ನಿಮ್ಮೊಬ್ಬರ ಸಂಬಳವೇ ವರ್ಷಕ್ಕೆ 1 ಲಕ್ಷ 92 ಸಾವಿರವಾಗುತ್ತದೆ. ಮಧ್ಯವರ್ತಿ ಬರೆದ ಅಂಕಿಯನ್ನು ತಿದ್ದುವ ಕಾಲವೂ ಮುಗಿದಿದೆ, ಏಕೆಂದರೆ ಆ ಸಾಲಿನ ಪರಿಷ್ಕೃತ ರಿಟರ್ನಿಗೆ 2023ರ ಡಿಸೆಂಬರ್ 31 ಕಡೆಯ ದಿನವಾಗಿತ್ತು. ಆದ್ದರಿಂದ ಈಗಿರುವ ಚೀಟಿಯನ್ನು ಈಗಿರುವ ಹಾಗೆಯೇ ಉಳಿಸಿಕೊಳ್ಳಲು ಹೊರಟರೆ ಪಾಂಡೇಶ್ವರದವರು ಹೇಳಿದ ಮಾತೇ ಗೆಲ್ಲುತ್ತದೆ.

ಆದರೆ ನೀವು ಬಸ್ಸಿನ ಕಥೆ ಹೇಳುವ ಭರದಲ್ಲಿ ಮುಖ್ಯವಾದ ಸಂಗತಿಯೊಂದನ್ನು ಹೇಳಿದ್ದೀರಿ. ನೀವು, ನಿಮ್ಮ ಹೆಂಡತಿ ಮತ್ತು ಮಗು ಎರಡು ವರ್ಷಗಳಿಂದ ಕಂಕನಾಡಿಯಲ್ಲಿ ಇದ್ದೀರಿ, ಅಲ್ಲಿಯೇ ಅಡುಗೆ ಮಾಡಿಕೊಂಡು ಉಣ್ಣುತ್ತೀರಿ. ಚೀಟಿ ಕೊಡುವುದು ಕುಟುಂಬಕ್ಕೆ. ನಾವು ಸ್ಥಳ ಪರಿಶೀಲನೆಗೆ ಹೋದಾಗ ಚಾವಡಿಯಲ್ಲಿ ಕುಳಿತು ಕಾಗದ ನೋಡುವುದಕ್ಕಿಂತ ಮೊದಲು ಅಡುಗೆಮನೆಗೆ ಇಣುಕುತ್ತಿದ್ದೆವು: ಎಷ್ಟು ಜನರ ಅನ್ನ ಬೇಯುತ್ತದೆ, ಗ್ಯಾಸಿನ ಪುಸ್ತಕ ಯಾರ ಹೆಸರಿನಲ್ಲಿದೆ, ಹೊರಗೆ ಯಾರ ಬಟ್ಟೆ ಒಣಗುತ್ತಿದೆ ಎಂದು. ಒಲೆ ಬೇರೆಯಾಗಿದ್ದರೆ ಕುಟುಂಬ ಬೇರೆ. ನಿಮ್ಮ ಹೆಸರು ತಾಯಿಯ ಚೀಟಿಯಲ್ಲಿ ಉಳಿದಿರುವುದೇ ಇಲ್ಲಿರುವ ತಪ್ಪು. ಆ ಹೆಸರನ್ನು ತೆಗೆಸಿ, ಬಾಡಿಗೆ ಕರಾರು ಮಾಡಿಸಿ, ಆಧಾರಿನ ವಿಳಾಸ ಬದಲಾಯಿಸಿ, ಹೊಸ ಅರ್ಜಿ ಸ್ವೀಕರಿಸುವಾಗ ನಿಮ್ಮ ಹೆಂಡತಿಯನ್ನು ಮುಖ್ಯಸ್ಥೆಯಾಗಿ ತೋರಿಸಿ ಮಂಗಳೂರಿನಲ್ಲಿ ಎಪಿಎಲ್ ಚೀಟಿ ಮಾಡಿಸಿ. 2013ರ ಆಹಾರ ಭದ್ರತಾ ಕಾಯ್ದೆಯಂತೆ ಮನೆಯ ಹಿರಿಯ ಹೆಣ್ಣುಮಗಳೇ ಮುಖ್ಯಸ್ಥೆ. ಅಮ್ಮ ಮತ್ತು ಅಜ್ಜಿಯ ವರಮಾನಕ್ಕೆ, ನೀವು ಕೊಡುವ ಮೂರು ಸಾವಿರವನ್ನೂ ಮುಚ್ಚಿಡದೆ, ನಾಡಕಚೇರಿಯಿಂದ ಹೊಸ ಆದಾಯ ಪ್ರಮಾಣಪತ್ರ ಪಡೆಯಿರಿ. ಗ್ರಾಮ ಆಡಳಿತ ಅಧಿಕಾರಿಯಾಗಲಿ ಉಗ್ರಾಣಿಯಾಗಲಿ (ಗ್ರಾಮ ಸಹಾಯಕ) ವಿಚಾರಿಸಲು ಬಂದಾಗ ಅಮ್ಮ ಮನೆಯಲ್ಲಿರಲಿ.

ಒಂದು ಎಚ್ಚರಿಕೆ. ಕಾಗದದಲ್ಲಿ ಮಾತ್ರ ಮನೆ ಮುರಿದುಕೊಂಡು, ಊಟ ಒಂದೇ ಕಡೆ ಮಾಡುವವರನ್ನು ನಾನು ಬಹಳ ನೋಡಿದ್ದೇನೆ. ಸಿಕ್ಕಿಬಿದ್ದಾಗ ಚೀಟಿ ಹೋಗುವುದಲ್ಲದೆ, ಅಲ್ಲಿಯವರೆಗೆ ಪಡೆದ ಅಕ್ಕಿಯ ಬೆಲೆಯನ್ನೂ ಕಟ್ಟಬೇಕಾಗಿ ಬಂದದ್ದುಂಟು. ನೀವು ನಾಳೆ ಊರಿಗೇ ಮರಳಿದರೆ ಹೆಸರು ಮತ್ತೆ ಸೇರಬೇಕು, ಚೀಟಿ ಆಗ ಬದಲಾಗಲೇಬೇಕು.

ಉಳಿದವು ಸಣ್ಣವು. ಸಾವಿರ ಚದರ ಅಡಿಯ ಷರತ್ತು ನಗರದಲ್ಲಿ ಸ್ವಂತ ಪಕ್ಕಾ ಮನೆಯಿರುವವರಿಗೆ. ಪಂಚಾಯತಿ ವ್ಯಾಪ್ತಿಯ ನಿಮಗೆ ಅದು ತಾಗುವುದಿಲ್ಲ. ಹಳ್ಳಿಯಲ್ಲಿ ನೋಡುವುದು ಜಮೀನನ್ನು, ಮೂರು ಹೆಕ್ಟೇರು ಒಣಭೂಮಿ ಅಥವಾ ಅದಕ್ಕೆ ಸಮನಾದ ನೀರಾವರಿ ಮೀರಬಾರದು. ಬೀಡಿಯ ಪಿಎಫ್ ಅನರ್ಹತೆಯಲ್ಲ, ಹೇಳಲು ಅಂಜಬೇಡಿ. ಅಂಜಬೇಕಾದದ್ದು ವೃತ್ತಿ ತೆರಿಗೆಗೆ: ಸಂಬಳ 25,000 ಮುಟ್ಟಿದವರಿಗೆ ಅದು ಕಡಿತವಾಗುತ್ತದೆ, ಆ ಪಟ್ಟಿಯೂ ಇಲಾಖೆಗೆ ಸಿಗುತ್ತದೆ.

ಉಡುಪಿಯ ಸ್ವಸಹಾಯ ಗುಂಪಿನವಳು

ಅಜ್ಜಿಯ ಹೆಬ್ಬೆಟ್ಟಿನ ಬಗ್ಗೆ ಯಾರೂ ಬರೆಯಲಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ನಮ್ಮ ಗುಂಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬೀಡಿ ಕಟ್ಟಿದವರು. ವರ್ಷಗಟ್ಟಲೆ ಎಲೆ ಸುರುಳಿ ಸುತ್ತಿ, ತುದಿ ಮಡಚಿ, ನೂಲು ಬಿಗಿದು ಹೆಬ್ಬೆರಳು ಮತ್ತು ತೋರುಬೆರಳ ಗೆರೆಗಳು ಸವೆದು ನುಣುಪಾಗಿರುತ್ತವೆ. ಆದ್ದರಿಂದ ಅಜ್ಜಿಯದು ಮಾತ್ರವಲ್ಲ, ಅಮ್ಮನ ಬೆರಳೂ ಒಂದು ದಿನ ಹೀಗೆಯೇ ಕೈಕೊಡುತ್ತದೆಂದು ತಿಳಿದುಕೊಳ್ಳಿ. ಮಾಡಬೇಕಾದದ್ದು ಇಷ್ಟು: ಹತ್ತೂ ಬೆರಳುಗಳನ್ನು ಒಂದೊಂದಾಗಿ ಇಟ್ಟು ನೋಡಬೇಕು, ಸಾಮಾನ್ಯವಾಗಿ ಕಿರುಬೆರಳೋ ಉಂಗುರದ ಬೆರಳೋ ಉಳಿಸುತ್ತದೆ. ಬೆಚ್ಚಗಿನ ನೀರಿನಲ್ಲಿ ಕೈ ತೊಳೆದು, ಒರೆಸಿ, ಚೂರು ತೆಂಗಿನೆಣ್ಣೆ ಸವರಿ, ಅದನ್ನೂ ಒರೆಸಿ ಇಟ್ಟರೆ ಬಿದ್ದದ್ದನ್ನು ನಾನು ಕಂಡಿದ್ದೇನೆ. ಅದೂ ಆಗದಿದ್ದರೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಮತ್ತು ಕಣ್ಣಿನ ಪಾಪೆಯನ್ನು ಹೊಸದಾಗಿ ದಾಖಲಿಸಿ, ಪಾಪೆಯ ಯಂತ್ರವಿರುವ ಅಂಗಡಿಯಲ್ಲಿ ಇ-ಕೆವೈಸಿ (ಆಧಾರ್ ಮೂಲಕ ಗುರುತಿನ ದೃಢೀಕರಣ) ಮಾಡಿಸಿ. ಯಂತ್ರ ಒಪ್ಪಲಿಲ್ಲವೆಂಬ ಒಂದೇ ಕಾರಣಕ್ಕೆ ಅಕ್ಕಿ ನಿಲ್ಲಿಸಬಾರದೆಂದು ಕೇಂದ್ರ ಸರ್ಕಾರ 2017ರಲ್ಲಿಯೇ ರಾಜ್ಯಗಳಿಗೆ ತಿಳಿಸಿದೆ. ಅಂಗಡಿಯವರು ಒಪ್ಪದಿದ್ದರೆ ಪಡಿತರ ಸಹಾಯವಾಣಿ 1967ಕ್ಕೆ ಕರೆ ಮಾಡಿ ದೂರು ಸಂಖ್ಯೆ ಬರೆದಿಟ್ಟುಕೊಳ್ಳಿ.

ಪಾಂಡೇಶ್ವರದವರಿಗೆ ಒಂದು ಮಾತು. ತಿಂಗಳಿಗೆ ಹತ್ತು ಸಾವಿರ ಎಂದರೆ ವರ್ಷಕ್ಕೆ 1 ಲಕ್ಷ 20 ಸಾವಿರ. ಅಂಗಡಿ ಕೆಲಸಕ್ಕೆ ಸರ್ಕಾರವೇ ಗೊತ್ತುಪಡಿಸಿದ ಕನಿಷ್ಠ ವೇತನ ಅದಕ್ಕಿಂತ ಹೆಚ್ಚು. ಹಾಗಾದರೆ ಕಾನೂನಿನಂತೆ ಸಂಬಳ ಪಡೆಯುವ ಯಾವ ಕೆಲಸಗಾರನೂ, ಮನೆಯಲ್ಲಿ ಉಣ್ಣುವ ಬಾಯಿ ಆರಿದ್ದರೂ, ಬಡವನಲ್ಲ ಎಂದಾಯಿತು. ಇನ್ನು ಅಕ್ಕಿ ಒಂದೇ ಲೆಕ್ಕವಲ್ಲ. ಅಕ್ಕಿಯನ್ನು ಹೇಗೋ ಕೊಂಡುಕೊಳ್ಳಬಹುದು, ಸೊಸೈಟಿಯ ಬೆಳ್ತಿಗೆಗಿಂತ (ಬಿಳಿ ಅಕ್ಕಿಗಿಂತ) ಅಂಗಡಿಯ ಕುಚ್ಚಲಕ್ಕಿಯೇ ನಮ್ಮವರ ಗಂಜಿಗೆ ಸರಿ ಎನ್ನಿ. ಆದರೆ ಬಿಪಿಎಲ್ ಚೀಟಿಯಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜ್ ದರದ, ಅಂದರೆ ಚಿಕಿತ್ಸೆಗೆ ಗೊತ್ತುಪಡಿಸಿದ ದರದ, ಶೇಕಡಾ 30 ಮಾತ್ರ, ಅದೂ ಒಂದೂವರೆ ಲಕ್ಷದ ಮಿತಿಯಲ್ಲಿ. ಐವತ್ತೆಂಟರ ಅಮ್ಮ ಅಂಗಳದಲ್ಲಿ ಜಾರಿ ಬಿದ್ದರೆ ಈ ವ್ಯತ್ಯಾಸ ಏನೆಂದು ತಿಳಿಯುತ್ತದೆ.

ಪಾಂಡೇಶ್ವರದಿಂದ ಒಬ್ಬ

ಮಿತಿ ಕಡಿಮೆಯೆಂಬುದನ್ನು ಒಪ್ಪುತ್ತೇನೆ, ಅವರು ಬೇರೆ ಮನೆಯಲ್ಲಿದ್ದಾರೆ ಎಂಬುದನ್ನು ನಾನು ಓದಿಯೂ ಗಮನಿಸಿರಲಿಲ್ಲ. ಮಿತಿ ತಪ್ಪಾಗಿದ್ದರೆ ಅದನ್ನು ಏರಿಸಲು ಕೇಳಬೇಕೇ ಹೊರತು ಸಂಬಳ ಮುಚ್ಚಿಡಬಾರದೆಂಬ ನನ್ನ ಮಾತನ್ನು ಮಾತ್ರ ಹಿಂತೆಗೆದುಕೊಳ್ಳುವುದಿಲ್ಲ.

ಹೊಳೆಬದಿಯವ

ಉತ್ತರಿಸಿದ ಎಲ್ಲರಿಗೂ ವಂದನೆಗಳು. ಮೂರು ವಾರಗಳ ಬಳಿಕ ಬರೆಯುತ್ತಿದ್ದೇನೆ. 143(1)ರ ಪತ್ರ ನಿಜವಾಗಿಯೂ ಮಧ್ಯವರ್ತಿಯ ಇ-ಮೇಲ್‌ಗೆ ಹೋಗಿತ್ತು, ತಾಣದಿಂದ ಇಳಿಸಿಕೊಂಡೆ. ಆಕ್ಷೇಪಣೆಯೊಂದಿಗೆ ನನ್ನ ಹೆಸರು ತೆಗೆಯುವ ಅರ್ಜಿಯನ್ನೂ ಕೊಟ್ಟಿದ್ದೇನೆ. ಮಗನ ಹೆಸರು ಚೀಟಿಯಿಂದ ತೆಗೆಯುವುದೆಂದರೆ ಮನೆಯಿಂದ ತೆಗೆದಂತೆ ಎಂದು ಅಮ್ಮ ಎರಡು ದಿನ ಮಾತನಾಡಲಿಲ್ಲ. ಕೊನೆಗೆ ಕಂಕನಾಡಿಯ ಗ್ಯಾಸ್ ಪುಸ್ತಕವನ್ನು ಅವರೇ ನನ್ನ ಹೆಂಡತಿಯಿಂದ ಕೇಳಿ ಪಡೆದು, ನಿರೀಕ್ಷಕರು ಬಂದಾಗ ತೋರಿಸಲೆಂದು ಬೀಡಿಯ ಪಾಸ್‌ಪುಸ್ತಕದ ತೊಟ್ಟೆಯಲ್ಲಿ ಇಟ್ಟುಕೊಂಡಿದ್ದಾರೆ. ಅಜ್ಜಿಯದು ಎಡಗೈ ಕಿರುಬೆರಳಿನಲ್ಲಿ ಆಯಿತು. ಸ್ಥಳ ಪರಿಶೀಲನೆ ಇನ್ನೂ ಆಗಿಲ್ಲ. ಅಲ್ಲಿಯವರೆಗೆ ಚೀಟಿ ಚಾಲ್ತಿಯಲ್ಲಿರುತ್ತದೆ ಎಂದು ಕಚೇರಿಯಲ್ಲಿ ಹೇಳಿದ್ದಾರೆ, ಈ ತಿಂಗಳ ಅಕ್ಕಿ ಬಂದಿದೆ.